ಮನೆಮಗಳು ಇನ್ನೂ ಹಸಿ

ಗೊಬ್ಬರದ ಪುಡಿಯನ್ನು ಕಾಳು ಕಟ್ಟಿಸುವ ಡ್ರಮ್ಮಿಗೆ ಆ ಕಾರ್ಖಾನೆಯಲ್ಲಿ ‘ಮನೆ’ ಎಂದು ಹೆಸರು. ಹೆಸರಿಟ್ಟವನು ಯಾವಾಗಲೋ ಕೆಲಸ ಮುಗಿಸಿ ಹೋದ ಒಬ್ಬ ಆಪರೇಟರ್. ಅವನ ಮುಖ ಈಗಿನವರಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ಅವನಿಟ್ಟ ಹೆಸರುಗಳು ಮಾತ್ರ, ಅಲ್ಲಿನ ಕಬ್ಬಿಣದ ಹಾಗಲ್ಲದೆ, ತುಕ್ಕು ಹಿಡಿಯದೆ ಉಳಿದುಕೊಂಡಿವೆ.

ಡ್ರಮ್ಮು ಒಂದು ಬಸ್ಸಿನಷ್ಟು ಉದ್ದ. ಬಾಯಿಯ ಕಡೆ ತುಸು ಎತ್ತರ, ಬಾಲದ ಕಡೆ ತುಸು ತಗ್ಗು. ಉಕ್ಕಿನ ಉರುಳೆಗಳ ಮೇಲೆ ಮಲಗಿ, ಊಟವಾದ ಮೇಲೆ ಮಗ್ಗುಲು ಬದಲಿಸುವವರ ಹಾಗೆ ನಿಧಾನಕ್ಕೆ ತಿರುಗುತ್ತಿರುತ್ತದೆ. ಬಾಯಿಂದ ಪುಡಿ ಬೀಳುತ್ತದೆ, ಒಳಗಿನ ಕೊಳವೆಯ ತೂತುಗಳಿಂದ ನೀರು ತುಂತುರಾಗಿ ಚಿಮ್ಮುತ್ತದೆ. ಪುಡಿ ಗೋಡೆ ಹಿಡಿದು ಮೇಲೇರಿ, ಅರ್ಧ ದಾರಿಯಲ್ಲಿ ಕೈಬಿಟ್ಟು ಉರುಳಿ, ಮತ್ತೆ ಏರುತ್ತದೆ. ಹೀಗೆ ಬಿದ್ದು ಎದ್ದು, ಒಂದರ ಮೈಗೆ ಇನ್ನೊಂದು ಅಂಟಿಕೊಂಡು, ಬಾಲದಿಂದ ಹೊರಗೆ ಬರುವ ಹೊತ್ತಿಗೆ ಮೆಣಸಿನಷ್ಟು ದಪ್ಪದ ಕಾಳಾಗಿರುತ್ತದೆ. ಆಗಿರಬೇಕು, ಅಷ್ಟೆ. ಪೂರ್ತಿ ಯಾವತ್ತೂ ಆಗುವುದಿಲ್ಲ.

ಆದ್ದರಿಂದ ಹೊರಬಂದದ್ದನ್ನೆಲ್ಲ ಇನ್ನೊಂದು ಬಿಸಿ ಡ್ರಮ್ಮಿನಲ್ಲಿ ಒಣಗಿಸಿ ಜರಡಿಗೆ ಹಾಕುತ್ತಾರೆ. ಅಳತೆಗೆ ಸರಿಹೋದ ಕಾಳು ಚೀಲ ತುಂಬುವ ಕಡೆಗೆ ಹೋಗುತ್ತದೆ. ಅದು ‘ಗಂಡನ ಮನೆ’. ಅಳತೆ ಮೀರಿ ಉಬ್ಬಿದ ಉಂಡೆಗಳು ‘ಬೀಗರು’. ಬೀಗುವುದೇ ಅವರ ಕಸುಬು, ಅರೆಯುವ ಯಂತ್ರಕ್ಕೆ ಕೊಟ್ಟ ಮೇಲೆಯೇ ಅವರು ದಾರಿಗೆ ಬರುವುದು. ಇನ್ನು ಉಳಿದದ್ದು ಸಣ್ಣ ನುಚ್ಚು, ಕಾಳಾಗದೆ ಜರಡಿಯ ಕೆಳಗೆ ಉದುರಿದ್ದು. ಅದು ಬೆಲ್ಟು ಹತ್ತಿಕೊಂಡು, ಬಂದ ದಾರಿಗೆ ಸುಂಕವಿಲ್ಲದಂತೆ, ಮತ್ತೆ ಡ್ರಮ್ಮಿಗೇ ಬರುತ್ತದೆ. ಅದನ್ನು ‘ಮನೆಮಗಳು’ ಎನ್ನುತ್ತಾರೆ.

ಕೇಳುವವರಿಗೆ ತಮಾಷೆ. ಅಲ್ಲಿ ದುಡಿಯುವವರಿಗೆ ಇದು ತಮಾಷೆಯಾಗಿ ಉಳಿದಿರಲಿಲ್ಲ, ಸುತ್ತಿಗೆ, ಸಲಿಕೆ ಎಂದ ಹಾಗೆ ಬರೀ ಹೆಸರಾಗಿತ್ತು. ಹಗಲು ಪಾಳಿಯ ಆಪರೇಟರ್ ದಿನಕ್ಕೆ ಎಷ್ಟು ಸಲ ‘ಮನೆಮಗಳು’ ಎನ್ನುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ಅವನ ಸ್ವಂತ ತಂಗಿ ಗಂಡನ ಮನೆ ಬಿಟ್ಟು ಬಂದು ಅವನ ಮನೆಯ ಹಿಂದಿನ ಕೋಣೆಯಲ್ಲಿ ಇರತೊಡಗಿದ ಮೇಲೂ ಆ ಮಾತು ಅವನ ಬಾಯಲ್ಲಿ ಒಂದು ಸಲವೂ ತಡವರಿಸಲಿಲ್ಲ.

ಆ ಆಪರೇಟರನಿಗೆ ಕಾರ್ಖಾನೆಯಲ್ಲಿ ‘ಎರಡ್ಸಲ’ ಎಂದು ಅಡ್ಡಹೆಸರು. ವಾಲ್ವು ತಿರುಗಿಸಿ ಎರಡು ಸಲ ಮುಟ್ಟಿ ನೋಡುತ್ತಿದ್ದ, ಬೀಗ ಹಾಕಿ ಎರಡು ಸಲ ಎಳೆಯುತ್ತಿದ್ದ, ಅರ್ಧ ದಾರಿಗೆ ಬಂದು ಮತ್ತೆ ಹೋಗಿ ನೋಡುತ್ತಿದ್ದ. ಮದುವೆಗೆ ಮೊದಲು ಹುಡುಗಿಯನ್ನು “ನಿನಗೆ ಒಪ್ಪಿಗೆಯಾ” ಎಂದು ಎರಡು ಸಲ ಕೇಳಿದನಂತೆ, ಮೊದಲನೇ ಸಲ ತಟ್ಟನೆ ಹೂಂ ಎಂದವಳು ಎರಡನೇ ಸಲಕ್ಕೆ ಯೋಚನೆ ಮಾಡಬೇಕಾಯಿತಂತೆ. ಈ ಕತೆಯನ್ನು ಎಲ್ಲರಿಗೂ ಹೇಳಿ ನಗಿಸುತ್ತಿದ್ದವನು ಸಂಜೆ ಪಾಳಿಯ ಆಪರೇಟರ್. ಅವನ ಅಡ್ಡಹೆಸರು ‘ಸುತ್ತಿಗೆ’. ಒಳಗೋಡೆಗೆ ಪುಡಿ ಹತ್ತಿಕೊಂಡಾಗ ಉಳಿದವರು ನೀರು ಕಡಿಮೆ ಮಾಡಿ ಕಾದು ನೋಡುತ್ತಿದ್ದರು. ಇವನು ಮೊದಲು ಸುತ್ತಿಗೆ ತೆಗೆದುಕೊಂಡು ಡ್ರಮ್ಮಿನ ಹೊರಮೈಗೆ ಬಡಿಯುತ್ತಿದ್ದ. ಅವನು ಬಡಿದ ಕಡೆಯೆಲ್ಲ ತಗ್ಗು ಬಿದ್ದಿತ್ತು, ತಗ್ಗು ಬಿದ್ದಲ್ಲಿ ಪುಡಿ ಮೊದಲಿಗಿಂತ ಹೆಚ್ಚು ಹತ್ತಿಕೊಳ್ಳುತ್ತಿತ್ತು. ಹೀಗೆ ಅವನ ಕೆಲಸವನ್ನು ಅವನೇ ಬೆಳೆಸಿಕೊಂಡಿದ್ದ. ಆದರೂ ಒಳ್ಳೆಯ ಮನುಷ್ಯ. ಎರಡ್ಸಲನಿಗಿಂತ ಕಿರಿಯ, ಬಾಯಿ ತುಂಬ “ಅಣ್ಣ” ಎನ್ನುತ್ತಿದ್ದ.

ತಂಗಿ ಬಂದದ್ದು ಒಂದೇ ಚೀಲ ಹಿಡಿದುಕೊಂಡು. ಅವಳಿಗೆ ಅಲ್ಲಿ ಹೊಡೆತ ಬಡಿತ ಏನೂ ಇರಲಿಲ್ಲ. ಗಂಡ ಮಾತು ಬಿಟ್ಟಿದ್ದ, ಅಷ್ಟೆ. ಅವಳು ಎದುರಿಗೇ ನಿಂತು ಬಡಿಸುತ್ತಿದ್ದರೂ ಉಪ್ಪು ಬೇಕಾದರೆ ತಾಯಿಯ ಕಡೆ ತಿರುಗಿ “ಅವಳಿಗೆ ಹೇಳಮ್ಮ” ಎನ್ನುತ್ತಿದ್ದ. ಮೊದಮೊದಲು ಅದು ಸಿಟ್ಟು, ಇಳಿಯುತ್ತದೆ ಎಂದುಕೊಂಡಳು. ಆಮೇಲೆ ಅದು ಸಿಟ್ಟಲ್ಲ, ಆ ಮನೆಯ ಹವೆಯೇ ಅದು ಎಂದು ತಿಳಿಯಿತು. ಒಂದು ಬೆಳಿಗ್ಗೆ ಕನ್ನಡಿ ಮುಂದೆ ನಿಂತು ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿ ನೋಡಿಕೊಂಡಳಂತೆ. ಆವತ್ತೇ ಹೊರಟು ಬಂದಳು.

ಎರಡ್ಸಲನ ತಾಯಿ ಅತ್ತರು. ಹೆಂಡತಿ ಕೋಣೆ ಗುಡಿಸಿ ಹಾಸಿಗೆ ಹಾಸಿದಳು. ಎರಡ್ಸಲ ಚೀಲವನ್ನು ತೆಗೆದುಕೊಂಡು ಒಳಗಿಟ್ಟ. ಹೇಳಬೇಕಾದ ಮಾತು ಒಂದೇ ಇತ್ತು: ಇರು. ಎರಡೇ ಅಕ್ಷರ. ಅದನ್ನು ಅವನು ಹೇಳಲಿಲ್ಲ. ಇರು ಎಂದರೆ, ಇನ್ನು ನಿನಗೆ ಆ ಮನೆಯ ದಾರಿ ಮುಗಿಯಿತು ಎಂದು ತೀರ್ಪು ಕೊಟ್ಟಂತಾಗುತ್ತದೆಯೋ ಏನೋ. ಅವಳಿಗೇ ಒಳಗೊಳಗೆ ತಿರುಗಿ ಹೋಗುವ ಆಸೆಯಿದ್ದರೆ? ಹೇಳದೆ ಇದ್ದರೆ, ನಾನು ಇವರಿಗೆ ಹೊರೆ ಎಂದುಕೊಂಡಾಳು. ಈ ಎರಡರ ನಡುವೆ ಅವನ ನಾಲಿಗೆ ಸಿಕ್ಕಿಕೊಂಡಿತು. ದಿನಾ ಕೆಲಸಕ್ಕೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಆ ಮಾತನ್ನು ಬಗೆಬಗೆಯಾಗಿ ಹೊಂದಿಸಿಕೊಳ್ಳುತ್ತಿದ್ದ. ಸಂಜೆ ಮನೆಗೆ ಬಂದು “ಊಟ ಆಯ್ತಾ” ಎನ್ನುತ್ತಿದ್ದ.

ಹಿಂದಿನ ಕೋಣೆಯ ಕಿಟಕಿಗೆ ಚಿಲಕವಿರಲಿಲ್ಲ. ಗಾಳಿ ಬಂದರೆ ಬಾಗಿಲು ಬಡಿದುಕೊಳ್ಳುತ್ತಿತ್ತು. ತಂಗಿ ಒಂದು ಹಳೆಯ ಬಟ್ಟೆಯನ್ನು ಮಡಚಿ ಸಂದಿಗೆ ಸಿಕ್ಕಿಸಿ ಮಲಗುತ್ತಿದ್ದಳು. ಚಿಲಕ ಹಾಕಿಸುವುದು ದೊಡ್ಡ ಕೆಲಸವಲ್ಲ, ಆದರೆ ಅಲ್ಲೂ ಅದೇ ತಕರಾರು. ಹಾಕಿಸಿದರೆ ‘ಇವಳು ಇನ್ನು ಇಲ್ಲೇ’ ಎಂದು ಮೊಳೆ ಹೊಡೆದಂತೆ. ಹಾಕಿಸದಿದ್ದರೆ ‘ಇವತ್ತೋ ನಾಳೆಯೋ ಹೋಗುವವಳು’ ಎಂದಂತೆ. ಹೀಗೆ ಒಂದು ಚಿಲಕ ಅವನ ತಲೆಯಲ್ಲಿ ಡ್ರಮ್ಮಿನಂತೆ ತಿರುಗುತ್ತಿತ್ತು, ಕಿಟಕಿಗೆ ಮಾತ್ರ ಬರಲಿಲ್ಲ.

ಈ ಮಧ್ಯೆ ತಂಗಿ ಫೋನಿನಲ್ಲಿ ಒಂದು ಗುಂಪು ಮಾಡಿದಳು. ತಾಯಿ, ಅತ್ತಿಗೆ, ಅಣ್ಣ, ತಾನು. ಅದಕ್ಕೆ ಅವಳು ಇಟ್ಟ ಹೆಸರು ‘ಮನೆ’. ಎರಡ್ಸಲ ಅದನ್ನು ನೋಡಿ ಸಂತೋಷಪಟ್ಟ, ಏನೂ ಬರೆಯಲಿಲ್ಲ. ಡ್ರಮ್ಮಿನ ಆಪರೇಟರುಗಳೆಲ್ಲ ಇರುವ ಇನ್ನೊಂದು ಗುಂಪು ಅವನ ಫೋನಿನಲ್ಲಿ ಮೊದಲಿನಿಂದ ಇತ್ತು. ಅದನ್ನು ಮಾಡಿದವನು ಸುತ್ತಿಗೆ. ಅದರ ಹೆಸರೂ ‘ಮನೆ’.

ಆವತ್ತು ಬೆಳಿಗ್ಗೆಯಿಂದ ಒಣಗಿಸುವ ಡ್ರಮ್ಮಿನ ಉರಿ ಸರಿಯಿರಲಿಲ್ಲ. ಹತ್ತಿಕೊಳ್ಳುತ್ತಿತ್ತು, ಕೆಮ್ಮುತ್ತಿತ್ತು, ಆರುತ್ತಿತ್ತು. ಹಾಗಾಗಿ ಜರಡಿಯಿಂದ ತಿರುಗಿ ಬರುತ್ತಿದ್ದ ನುಚ್ಚು ಒಣಗಿರಲಿಲ್ಲ. ಎರಡ್ಸಲ ಬೆಲ್ಟಿನಿಂದ ಒಂದು ಹಿಡಿ ತೆಗೆದು ಮುಷ್ಟಿ ಬಿಗಿದು ನೋಡಿದ. ಒಣಗಿದ್ದು ಮುಷ್ಟಿ ಬಿಚ್ಚಿದೊಡನೆ ಬೆರಳ ಸಂದಿಯಿಂದ ಸುರಿದುಹೋಗಬೇಕು. ಇದು ಬೆರಳಿನ ಗುರುತು ಹೊತ್ತುಕೊಂಡು ಮುದ್ದೆಯಾಗಿ ಅಂಗೈಯಲ್ಲೇ ಕೂತಿತು. ಇಂಥದ್ದನ್ನು ನೀರು ಚಿಮ್ಮುವ ಡ್ರಮ್ಮಿಗೆ ಒಂದೇ ಸಮನೆ ಬಿಟ್ಟರೆ ಗತಿ ನೆಟ್ಟಗಿರುವುದಿಲ್ಲ. ಒಂದಕ್ಕೊಂದು ಅಂಟಿಕೊಂಡು ತಲೆಗಾತ್ರದ ಉಂಡೆಗಳಾಗುತ್ತವೆ. ಅವನು ಬೆಲ್ಟಿನ ಪಕ್ಕದ ಬಾಗಿಲು ತೆಗೆದು, ಹಸಿ ನುಚ್ಚು ಡ್ರಮ್ಮಿಗೆ ಹೋಗದೆ ನೆಲದ ಮೇಲೆ ರಾಶಿ ಬೀಳುವಂತೆ ಮಾಡಿದ. ಹಿಂದೆ ಒಣಗಿಸಿಟ್ಟಿದ್ದ ನುಚ್ಚನ್ನು ಸಲಿಕೆಯಿಂದ ಹಾಕಿಸಿ ಡ್ರಮ್ಮು ನಡೆಸಿದ. ನೀರನ್ನು ಇಳಿಸಿದ. ಪಾಳಿ ಮುಗಿಯುವವರೆಗೆ ಕಾಳು ಹೇಗೋ ಕಟ್ಟಿತು.

ಪಾಳಿ ಬದಲಾಗುವಾಗ ಇದನ್ನೆಲ್ಲ ಸುತ್ತಿಗೆಗೆ ಎದುರೆದುರು ಹೇಳುವುದು ವಾಡಿಕೆ. ಆದರೆ ಮೇಲ್ವಿಚಾರಕಿ ಉರಿಯ ವಿಷಯ ಕೇಳಲು ಅವನನ್ನು ಆಫೀಸಿಗೆ ಕರೆಸಿದಳು. ಮಾತು ಮುಗಿಸಿ ಬರುವಷ್ಟರಲ್ಲಿ ಸುತ್ತಿಗೆ ಆಗಲೇ ಮೇಲೆ, ಡ್ರಮ್ಮಿನ ಬಾಯಿಯ ಬಳಿ, ಸದ್ದಿನ ನಡುವೆ ಇದ್ದ. ಪಕ್ಕದ ಬಾಗಿಲು ಯಾಕೆ ತೆರೆದಿದೆ ಎಂದು ಅವನಿಗೆ ಗೊತ್ತಿಲ್ಲದೆ ಮುಚ್ಚಿಬಿಟ್ಟಾನು ಎಂದು ಎರಡ್ಸಲನಿಗೆ ಅನುಮಾನ ಬಂತು. ಅಲ್ಲೇ ಗೋಡೆಗೆ ಒರಗಿ ಫೋನು ತೆಗೆದು ಬರೆದ:

“ಮನೆಮಗಳನ್ನ ಇವತ್ತು ಮನೆಗೆ ಸೇರಿಸ್ಬೇಡ. ಹೊರಗೇ ಇರ್ಲಿ. ಇನ್ನೂ ಹಸಿ. ಸೇರಿಸಿದ್ರೆ ಬೀಗರು ತುಂಬ್ಕೋತಾರೆ, ಆಮೇಲೆ ಮನೇನೇ ಕೆಡುತ್ತೆ.”

ಬರೆದದ್ದನ್ನು ಎರಡು ಸಲ ಓದಿದ. ಯಾರಿಗೆ ಹೋಗುತ್ತಿದೆ ಎಂದು ಗುಂಪಿನ ಹೆಸರನ್ನೂ ಎರಡು ಸಲ ನೋಡಿದ. ‘ಮನೆ’ ಎಂದೇ ಇತ್ತು. ಗಾಜಿನ ಮೇಲೆ ಗೊಬ್ಬರದ ಧೂಳು ಕೂತಿದ್ದರಿಂದ ಹೆಸರಿನ ಪಕ್ಕದ ಚಿತ್ರ ಡ್ರಮ್ಮಿನದೋ ಮನುಷ್ಯರದೋ ಕಾಣಲಿಲ್ಲ. ಕಳಿಸಿದ. ಮಾತು ಸರಿಯಾಗಿಯೇ ಹೋಯಿತು, ಹೋದದ್ದು ಮಾತ್ರ ತಂಗಿ ಮಾಡಿದ ‘ಮನೆ’ಗೆ.

ಆ ಹೊತ್ತಿನಲ್ಲಿ ಅದನ್ನು ನೋಡಬಲ್ಲವಳು ಅವಳೊಬ್ಬಳೇ. ಹೆಂಡತಿ ಹೊಲಿಗೆಯ ಕಾರ್ಖಾನೆಯಲ್ಲಿ ಇದ್ದಳು, ಅಲ್ಲಿ ಫೋನುಗಳನ್ನು ಬಾಗಿಲಲ್ಲೇ ತೆಗೆದಿಡುತ್ತಾರೆ. ತಾಯಿಗೆ ಫೋನಿನಲ್ಲಿ ಮಾತಾಡಲು ಬರುತ್ತದೆ, ಓದಲು ಕನ್ನಡಕ ಹುಡುಕಬೇಕು.

ಎರಡ್ಸಲ ಗೇಟು ದಾಟುವಾಗ ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿದ. ಬಿರುಕುಬಿಟ್ಟ ಗಾಜಿನ ಮೇಲೆ ‘ಮನೆ’ ಎಂದೂ ಅದರ ಕೆಳಗೆ “ಆಯ್ತಣ್ಣ” ಎಂದೂ ಕಂಡಿತು, ಕಳಿಸಿದವರ ಹೆಸರು ಬಿರುಕಿನಲ್ಲಿ ಮುಚ್ಚಿಹೋಗಿತ್ತು. ಸುತ್ತಿಗೆಗೆ ಮುಟ್ಟಿತಲ್ಲ ಎಂದು ಮನಸ್ಸು ಹಗುರಾಯಿತು. ಎಷ್ಟು ಹಗುರಾಯಿತೆಂದರೆ, ಆ ಧೈರ್ಯದಲ್ಲೇ ಇವತ್ತು ಚಿಲಕ ತಂದುಬಿಡೋಣ ಎಂದು ಪೇಟೆಬೀದಿಯ ಕಬ್ಬಿಣದ ಅಂಗಡಿಗೆ ಹೋದ.

ಅಂಗಡಿಯವನು ಗೋಡೆಯ ತುಂಬ ಚಿಲಕ ತೂಗುಹಾಕಿದ್ದ. ಕಿಟಕಿಗೋ ಬಾಗಿಲಿಗೋ ಎಂದು ಕೇಳಿದ. ಕಿಟಕಿಗೆ ಎಂದ ಎರಡ್ಸಲ. ಎಷ್ಟುದ್ದದ್ದು ಎಂದು ಕೇಳಿದ. ಎರಡ್ಸಲ ಅಳತೆ ತೆಗೆದುಕೊಂಡು ಬಂದಿರಲಿಲ್ಲ. ಡ್ರಮ್ಮಿನ ನೀರನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡುವ ಮನುಷ್ಯ ತನ್ನ ಮನೆಯ ಕಿಟಕಿಯನ್ನು ಒಂದು ಸಲವೂ ಅಳೆದಿರಲಿಲ್ಲ. ಅಂದಾಜಿಗೆ ಒಂದು ಕೊಡಿ ಎನ್ನಬಹುದಿತ್ತು, ಆದರೆ ಅಂದಾಜು ಎಂದರೆ ಅವನಿಗೆ ಆಗದು. ನಾಳೆ ಬರುತ್ತೇನೆ ಎಂದು ಹೇಳಿದ. ಮೂರು ಸಲ ಬೆಲೆ ಕೇಳಿ ಹೋಗುವವರನ್ನೂ ನಗುನಗುತ್ತ ಕಳಿಸುವ ಅಂಗಡಿಯವನು, “ಕಿಟಕಿ ಎಲ್ಲೂ ಓಡಿಹೋಗಲ್ಲ ಬಿಡಿ” ಎಂದ.

ಬೀದಿಗೆ ಇಳಿಯುತ್ತಿದ್ದಂತೆ ಕಾರ್ಖಾನೆಯಿಂದ ಕರೆ ಬಂತು. ಸುತ್ತಿಗೆಯ ದನಿ ಸದ್ದಿನಲ್ಲಿ ಮುಳುಗೇಳುತ್ತಿತ್ತು. ಮನೆ ತುಂಬ ಬೀಗರಂತೆ, ಒಬ್ಬೊಬ್ಬ ಬೀಗನೂ ಕುಂಬಳಕಾಯಿಯಷ್ಟಂತೆ, ಬಡಿದರೂ ಜಗ್ಗುತ್ತಿಲ್ಲವಂತೆ. ಒಂದು ಗಳಿಗೆ ಬಂದು ಹೋಗು ಅಣ್ಣ ಎಂದು ಕರೆದ.

ಡ್ರಮ್ಮಿನ ಸದ್ದು ದೂರದಿಂದಲೇ ಕತೆ ಹೇಳುತ್ತದೆ. ಸರಿಯಿದ್ದಾಗ ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಸರಸರ ಎನ್ನುತ್ತದೆ. ಎರಡ್ಸಲ ಒಳಗೆ ಬಂದಾಗ ಅದು ದಡ್, ದಡ್ ಎನ್ನುತ್ತಿತ್ತು. ಉಂಡೆಗಳು ಗೋಡೆ ಏರಿ ಬೀಳುವ ಸದ್ದು. ಅದರ ಮೇಲೆ ಸುತ್ತಿಗೆಯ ಸುತ್ತಿಗೆ. ಎರಡ್ಸಲ ಬೆಲ್ಟಿನ ಕಡೆ ನೋಡಿದ. ಪಕ್ಕದ ಬಾಗಿಲು ಮುಚ್ಚಿತ್ತು. ಹಸಿ ನುಚ್ಚು ನೇರವಾಗಿ ಡ್ರಮ್ಮಿಗೆ ಸುರಿಯುತ್ತಿತ್ತು. ನೆಲದ ಮೇಲಿದ್ದ ರಾಶಿಯೂ ಇಲ್ಲ, ಅದನ್ನೂ ಬಳಿದು ಹಾಕಿದ್ದರು.

ಅವನು ಬಾಗಿಲು ತೆಗೆದು, ಬೆಲ್ಟಿನಿಂದ ಒಂದು ಹಿಡಿ ನುಚ್ಚು ಎತ್ತಿ ಬಲಗೈಯಲ್ಲಿ ಬಿಗಿ ಹಿಡಿದುಕೊಂಡೇ ಕೇಳಿದ:

“ಬಾಗಿಲು ಯಾಕೆ ಮುಚ್ಚಿದೆ? ಬೇಡ ಅಂತ ಬರೆದಿದ್ನಲ್ಲ.”

“ಎಲ್ಲಿ ಬರೆದಿದ್ದೆ?”

“ಮನೆಗೆ. ಆಯ್ತಣ್ಣ ಅಂತ ನೀನೂ ಹೇಳ್ದೆಯಲ್ಲ.”

“ನಾನು ಇವತ್ತು ಫೋನೇ ಮುಟ್ಟಿಲ್ಲ ಅಣ್ಣ” ಎಂದ ಸುತ್ತಿಗೆ. “ಬಾಗಿಲು ತೆರೆದಿತ್ತು, ಎರಡ್ಸಲಣ್ಣನೂ ಒಂದ್ಸಲ ಮರೀತಾನೆ ಅಂತ ನಕ್ಕೊಂಡು ಮುಚ್ಚಿದೆ.”

ಎರಡ್ಸಲ ಎಡಗೈಯಿಂದ ಫೋನು ತೆಗೆದು ಅಂಗಿಯ ತುದಿಗೆ ಗಾಜನ್ನು ಒರೆಸಿದ. ‘ಮನೆ’. ಚಿತ್ರದಲ್ಲಿ ಡ್ರಮ್ಮು ಇರಲಿಲ್ಲ. ತಾಯಿ, ಹೆಂಡತಿ, ತಂಗಿ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಕೆಳಗೆ ಅವನು ಬರೆದದ್ದು. ಅದರ ಕೆಳಗೆ ತಂಗಿಯ “ಆಯ್ತಣ್ಣ”. ಅದಕ್ಕೂ ಕೆಳಗೆ, ಯಾರ ದನಿಯೂ ಇಲ್ಲದ ಸಣ್ಣ ಅಕ್ಷರದಲ್ಲಿ, ತಂಗಿ ಗುಂಪನ್ನು ತೊರೆದಿದ್ದಾಳೆ ಎಂದಿತ್ತು.

ಈಗ ಅವನು ತನ್ನ ಮಾತನ್ನು ಅವಳ ಕಣ್ಣಿನಿಂದ ಓದಿದ. ಮನೆಮಗಳನ್ನ ಮನೆಗೆ ಸೇರಿಸ್ಬೇಡ. ಹೊರಗೇ ಇರ್ಲಿ. ಒಂದೊಂದು ಶಬ್ದವೂ ಸುತ್ತಿಗೆಯ ಏಟಿನಂತೆ ಬಿತ್ತು. ತಪ್ಪು ತಿಳಿಯಬೇಡ ಎನ್ನಲು ಅಲ್ಲಿ ತಪ್ಪು ತಿಳಿಯದಿರುವಂಥ ಮಾತು ಒಂದೂ ಇರಲಿಲ್ಲ.

ತಂಗಿಗೆ ಕರೆ ಮಾಡಿದ. ಫೋನು ಆಫ್ ಆಗಿತ್ತು. ತಾಯಿಗೆ ಮಾಡಿದ. ತಾಯಿ ಬಿಕ್ಕುತ್ತ ಹೇಳಿದರು: ಅವಳು ಚೀಲ ತಗೊಂಡು ಹೋದಳು, ಎಷ್ಟು ಕೇಳಿದರೂ ಗಂಡನ ಮನೆಗೇ ಹೋಗ್ತೀನಿ ಅಂತಾಳೆ, ಕಾರಣ ಹೇಳಲಿಲ್ಲ, ಸಂಜೆಯ ಬಸ್ಸು ನಿನ್ನ ಕಾರ್ಖಾನೆ ಮುಂದೇ ನಿಲ್ಲುತ್ತಲ್ಲ, ಅದಕ್ಕೆ ಹೋಗಿದಾಳೆ. ಕೊನೆಗೆ, “ನೀನೇನಾದ್ರೂ ಅಂದ್ಯೇನೋ” ಎಂದು ಕೇಳಿದರು. “ಅಂದೆ ಕಣಮ್ಮ” ಎಂದ ಎರಡ್ಸಲ.

ಡ್ರಮ್ಮು ಹಿಂದೆ ದಡ್ ದಡ್ ಎನ್ನುತ್ತಲೇ ಇತ್ತು. ಇಷ್ಟು ವರ್ಷದಲ್ಲಿ ಕೆಟ್ಟ ಡ್ರಮ್ಮನ್ನು ಅವನು ಅರ್ಧಕ್ಕೆ ಬಿಟ್ಟು ಹೋದದ್ದಿಲ್ಲ, ಅವನ ಪಾಳಿಯಲ್ಲದಿದ್ದರೂ. ಸುತ್ತಿಗೆಯ ಕಿವಿಗೆ ಬಾಯಿ ಹಚ್ಚಿ ಹೇಳಿದ: ನೀರು ಪೂರ್ತಿ ನಿಲ್ಲಿಸು. ಒಣಪುಡಿ ಮಾತ್ರ ಬಿಡು. ಆ ಸುತ್ತಿಗೆ ಕೆಳಗಿಡು. ಅಷ್ಟೇ ಹೇಳಿ ಓಡಿದ. ಎರಡನೇ ಸಲ ಹೇಳಲಿಲ್ಲ. ಸುತ್ತಿಗೆ ಅದನ್ನು ಆಮೇಲೆ ಎಲ್ಲರಿಗೂ ಹೇಳಿದ, ಆಗಲೇ ನನಗೆ ಭಯವಾಯಿತು, ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡೆ ಎಂದು.

ರಸ್ತೆಯ ಆಚೆ, ಬಸ್ಸು ನಿಲ್ಲುವ ಕಡೆ, ತಗಡಿನ ಸೂರಿನ ಕೆಳಗೆ ತಂಗಿ ಕೂತಿದ್ದಳು. ಚೀಲ ಮಡಿಲಲ್ಲಿತ್ತು. ಹೆಲ್ಮೆಟ್ಟು ಸಹ ತೆಗೆಯದೆ, ಹುಬ್ಬಿನವರೆಗೆ ಬೂದುಬಣ್ಣದ ಧೂಳು ಮೆತ್ತಿಕೊಂಡು ಬಂದ ಅಣ್ಣನನ್ನು ನೋಡಿ ಎದ್ದು ನಿಂತಳು.

“ಬಸ್ಸು ಇನ್ನೂ ಬಂದಿಲ್ಲ. ಬಂದ ತಕ್ಷಣ ಹೋಗ್ತೀನಿ” ಎಂದಳು. ಹೋದಳೋ ಇಲ್ಲವೋ ಎಂದು ನೋಡಲು ಬಂದವನಿಗೆ ಹೇಳಿದ ಹಾಗಿತ್ತು.

“ಅದು ನಿನಗಲ್ಲ.”

“ಯಾವುದು?”

“ಆ ಮೆಸೇಜು. ಅದು ಸುತ್ತಿಗೆಗೆ.”

ಅವಳು ಅವನ ಮುಖವನ್ನೇ ನೋಡಿದಳು. “ಸುತ್ತಿಗೆಗೆ ಮೆಸೇಜು ಕಳಿಸ್ತೀಯಾ?”

“ಸುತ್ತಿಗೆ ಅಂದ್ರೆ ಮನುಷ್ಯ. ಸಂಜೆ ಪಾಳಿಯವನು.”

“ಮನೆಮಗಳು ಅಂದ್ರೆ?”

ಎರಡ್ಸಲನಿಗೆ ಬಲಗೈ ಇನ್ನೂ ಮುಷ್ಟಿಯಾಗಿಯೇ ಇರುವುದು ಆಗ ತಿಳಿಯಿತು. ಬೆಲ್ಟಿನಿಂದ ಎತ್ತಿದ ನುಚ್ಚನ್ನು ಗೇಟು ದಾಟಿಸಿ, ರಸ್ತೆ ದಾಟಿಸಿ ಇಲ್ಲಿಯವರೆಗೆ ತಂದಿದ್ದ. ಮುಷ್ಟಿ ಬಿಚ್ಚಿದ. ಬೆರಳಿನ ಗುರುತು ಬಿದ್ದ ಒಂದು ಮುದ್ದೆ ಅಂಗೈಯಲ್ಲಿ ಕೂತಿತ್ತು.

“ಇವಳು” ಎಂದ.

ತಂಗಿ ಬಗ್ಗಿ ನೋಡಿದಳು. ಒಂದು ಬೆರಳಿನಿಂದ ಮುಟ್ಟಿದಳು. ಮುದ್ದೆ ಎರಡು ಹೋಳಾಯಿತು.

ಅವನು ಹೇಳತೊಡಗಿದ. ಮಾತು ಬಾರದವನಿಗೆ ಯಂತ್ರದ ವಿಷಯ ಬಂದರೆ ಬಾಯಿಗೆ ಬೀಗವಿಲ್ಲ. ಡ್ರಮ್ಮು ಅಂದರೆ ಮನೆ ಎಂದ, ದಪ್ಪ ಉಂಡೆ ಬೀಗರು ಎಂದ, ಕಾಳಾಗದ ನುಚ್ಚು ತಿರುಗಿ ಬರುವುದನ್ನು ಹೇಳಿದ, ಬೆಳಿಗ್ಗೆಯ ಉರಿ ಕೆಮ್ಮಿದ್ದರಿಂದ ಹಿಡಿದು ಸಂಜೆಯ ಕುಂಬಳಕಾಯಿಯವರೆಗೆ ಹೇಳಿದ. ಹೊಸ ಪುಡಿಯೊಂದನ್ನೇ ಹಾಕಿ ನೀರು ಚಿಮ್ಮಿಸಿದರೆ ಬರೀ ಅಂಟಾಗುತ್ತದೆ, ಕಾಳು ಕಟ್ಟಬೇಕಾದರೆ ಒಳಗೆ ಒಂದು ಸಣ್ಣ ಗಟ್ಟಿ ಚೂರು ಇರಬೇಕು, ಅದರ ಮೈಗೆ ಹೊಸದು ಹತ್ತಬೇಕು, ಆ ಚೂರು ಈ ನುಚ್ಚೇ ಎಂದ. ಚೀಲಕ್ಕೆ ಹೋಗುವುದಕ್ಕಿಂತ ತಿರುಗಿ ಬರುವುದೇ ಹೆಚ್ಚು, ಅದು ಬಾರದೆ ಹೋದರೆ ಡ್ರಮ್ಮು ನಿಂತಂತೆಯೇ ಎಂದ. ಹೇಳುತ್ತ ಹೇಳುತ್ತ ಅವನಿಗೆ ತಾನು ಯಾವುದನ್ನು ಹೇಳುತ್ತಿದ್ದೇನೆ ಎಂಬ ಅನುಮಾನ ಹುಟ್ಟಿ ನಿಲ್ಲಿಸಿದ.

ತಂಗಿ ಮತ್ತೆ ಕೂತಳು. ನಗು ಬಂತು, ಪೂರ್ತಿ ಬರಲಿಲ್ಲ.

“ನಾನದನ್ನ ಎಷ್ಟು ಸಲ ಓದಿದೆ ಗೊತ್ತಾ ಅಣ್ಣ” ಎಂದಳು. “ಒಂದು ಮಾತೂ ತಪ್ಪು ಅನ್ನಿಸ್ಲಿಲ್ಲ. ಸೇರಿಸ್ಬೇಡ ಅಂದಿದ್ದೂ ಸರಿ, ಬೀಗರು ಬಂದು ತುಂಬ್ಕೋತಾರೆ ಅಂದಿದ್ದೂ ಸರಿ. ಹಸಿ ಅಂತ ಯಾಕಂದೆ ಅಂತ ಮಾತ್ರ ತಿಳೀಲಿಲ್ಲ. ನಾನು ಕೋಣೇಲಿ ಅಳೋದು ನಿಂಗೆ ಕೇಳಿಸ್ತೇನೋ ಅಂದ್ಕೊಂಡೆ.”

ಎರಡ್ಸಲನಿಗೆ ಅದು ಕೇಳಿಸಿರಲಿಲ್ಲ. ಕಿಟಕಿ ಬಡಿದುಕೊಳ್ಳುವುದು ಕೇಳಿಸಿತ್ತು.

ದೂರದಲ್ಲಿ ಬಸ್ಸು ತಿರುವಿನಿಂದ ಹೊರಳಿತು. ತಂಗಿ ಅದನ್ನು ನೋಡಿ, ಚೀಲದ ಹಿಡಿಯನ್ನು ಕೈಗೆ ಸುತ್ತಿಕೊಂಡಳು. ಎದ್ದು ನಿಲ್ಲಲಿಲ್ಲ.

“ಫ್ಯಾಕ್ಟರಿ ಮನೆಮಗಳ ವಿಷಯ ಆಯ್ತು” ಎಂದಳು. “ಇನ್ನೊಬ್ಬಳದ್ದು ಹೇಳು. ಅಲ್ಲಿ ಅವರು ಮಾತೇ ಆಡ್ಲಿಲ್ಲ. ಇಲ್ಲಿ ನೀನೂ ಊಟ ಆಯ್ತಾ ಬಿಟ್ಟು ಇನ್ನೇನೂ ಆಡಿಲ್ಲ. ನಿಂಗೆ ಬೇಡ ಅಂದ್ರೆ ಬೇಡ ಅನ್ನು, ನಾನು ತಡ್ಕೋತೀನಿ. ಸುಮ್ನಿದ್ರೆ ತಡ್ಕೊಳ್ಳೋಕಾಗಲ್ಲ.”

ದಾರಿಯುದ್ದಕ್ಕೂ ಹೊಂದಿಸಿಟ್ಟ ಮಾತುಗಳಲ್ಲಿ ಒಂದೂ ಆಗ ಕೈಗೆ ಸಿಗಲಿಲ್ಲ. ಬಸ್ಸು ಹತ್ತಿರವಾಯಿತು.

“ಕಿಟಕಿಗೆ ಚಿಲಕ ತರೋಕೆ ಹೋಗಿದ್ದೆ” ಎಂದ. “ಹಾಕಿಸಿದ್ರೆ ನೀನು ಏನಂದ್ಕೋತೀಯೋ, ಹಾಕಿಸದಿದ್ರೆ ಏನಂದ್ಕೋತೀಯೋ ಅಂತ ಇಷ್ಟು ದಿನ ಸುಮ್ನಿದ್ದೆ. ಇವತ್ತು ಹೋದೆ. ಅಳತೆ ಕೇಳ್ದ. ಅಳತೆ ಇರ್ಲಿಲ್ಲ.” ಆಮೇಲೆ, “ಇರು” ಎಂದ. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಮತ್ತೆ, “ಇರು” ಎಂದ.

“ಒಂದ್ಸಲ ಸಾಕಿತ್ತು” ಎಂದಳು ತಂಗಿ.

ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, ಹತ್ತುತ್ತೀರಾ ಎಂದು ಕೇಳಿದ. ಧೂಳಿನ ಮನುಷ್ಯನೊಬ್ಬ ಅಂಗೈಯಲ್ಲಿ ಗೊಬ್ಬರ ಹಿಡಿದು ನಿಂತಿರುವುದನ್ನೂ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತಿರುವುದನ್ನೂ ನೋಡಿ, ಉತ್ತರಕ್ಕೆ ಕಾಯದೆ ಶಿಳ್ಳೆ ಹಾಕಿದ. ಬಸ್ಸು ಹೋಯಿತು.

ತಂಗಿ ಎಡಗೈ ಚಾಚಿ, ಹೆಬ್ಬೆರಳನ್ನೂ ತೋರುಬೆರಳನ್ನೂ ಅಗಲಿಸಿ ಹಿಡಿದಳು.

“ಇಷ್ಟು” ಎಂದಳು.

“ಏನು?”

“ಚಿಲಕದ ಅಳತೆ. ಬಂದ ಮಾರನೇ ದಿನಾನೇ ಅಳ್ದಿದ್ದೆ. ನೀನು ಕೇಳ್ತೀಯ ಅಂತ.”

ಅಂಗಡಿ ಮುಚ್ಚುವುದರೊಳಗೆ ತಾನೇ ಹೋಗಿ ತರುತ್ತೇನೆ ಎಂದಳು. ಎರಡ್ಸಲ ಅಂಗಡಿ ಎಲ್ಲಿದೆ ಎಂದು ಹೇಳಿದ, ಮತ್ತೊಮ್ಮೆ ಹೇಳಿದ. ಮನೆಯ ಗುಂಪಿಗೆ ಮತ್ತೆ ಸೇರಿಸು, ನಾನಾಗಿ ಬಿಟ್ಟುಹೋದವಳು ನಾನಾಗಿ ಬರೋಕಾಗಲ್ಲ ಎಂದಳು. ಅವನು ಅಲ್ಲೇ ನಿಂತು ಎಡಗೈಯಿಂದ ಸೇರಿಸಿದ, ಹೆಸರನ್ನು ಎರಡು ಸಲ ನೋಡಿಯೇ ಸೇರಿಸಿದ. ಅವಳು ಚೀಲವನ್ನು ಹೆಗಲಿಗೆ ಹಾಕಿಕೊಂಡು ಪೇಟೆಬೀದಿಯ ಕಡೆ ನಡೆದಳು.

ಎರಡ್ಸಲ ತಿರುಗಿ ಬಂದಾಗ ಕಾರ್ಖಾನೆಯೊಳಗೆ ನೀರು ನಿಂತಿತ್ತು, ಒಣಪುಡಿ ಬೀಳುತ್ತಿತ್ತು, ಸುತ್ತಿಗೆ ನೆಲದ ಮೇಲಿತ್ತು. ಸುತ್ತಿಗೆ ಎಂಬ ಮನುಷ್ಯ ಅದರ ಪಕ್ಕದಲ್ಲಿ ಕೈಕಟ್ಟಿಕೊಂಡು ಕಷ್ಟಪಟ್ಟು ನಿಂತಿದ್ದ. ಉಂಡೆಗಳು ಒಣಪುಡಿಯಲ್ಲಿ ಹೊರಳಿ ಅಂಟು ಬಿಡುತ್ತಿದ್ದವು. ದೊಡ್ಡವನ್ನು ಬಾಲದ ಕಡೆಯ ಜಾಲರಿಯಲ್ಲಿ ತಡೆದು ಸಲಿಕೆಯಿಂದ ಬೇರೆ ಹಾಕಿದರು. ಒಣಗಿಸುವ ಡ್ರಮ್ಮಿನ ಉರಿಯೂ ಅಷ್ಟರಲ್ಲಿ ದಾರಿಗೆ ಬಂದಿತ್ತು. ಎರಡ್ಸಲ ಬೆಲ್ಟಿನಿಂದ ಹೊಸದಾಗಿ ಒಂದು ಹಿಡಿ ಎತ್ತಿ ಮುಷ್ಟಿ ಬಿಗಿದು ಬಿಚ್ಚಿದ. ಬೆರಳ ಸಂದಿಯಿಂದ ಸುರಿದುಹೋಯಿತು. ಪಕ್ಕದ ಬಾಗಿಲನ್ನು ಒಂದಿಷ್ಟು ಮುಚ್ಚಿದರು, ಇನ್ನೊಂದಿಷ್ಟು ಮುಚ್ಚಿದರು, ನೀರನ್ನು ಮೆಲ್ಲಗೆ ಬಿಟ್ಟರು. ದಡ್ ಎನ್ನುತ್ತಿದ್ದದ್ದು ಅಪರೂಪವಾಗಿ, ಕೊನೆಗೆ ಸರಸರ ಎನ್ನತೊಡಗಿತು.

ಕೆಲಸ ಹಿಡಿತಕ್ಕೆ ಬಂದ ಮೇಲೆ ಇಬ್ಬರೂ ಕೈ ತೊಳೆದುಕೊಂಡು ಕೂತಿದ್ದಾಗ ಇಬ್ಬರ ಫೋನುಗಳೂ ಒಟ್ಟಿಗೆ ನಡುಗಿದವು. ಎರಡ್ಸಲ ತನ್ನದನ್ನು ತೆಗೆದು ನೋಡಿದ. ‘ಮನೆ’ಯಲ್ಲಿ ಚಿಲಕದ ಚಿತ್ರವಿತ್ತು. ಕೆಳಗೆ ತಂಗಿ ಬರೆದಿದ್ದಳು: “ಸಿಕ್ತು. ಅಳತೆ ಸರಿ ಇದೆ. ಬರ್ತಾ ಸ್ಕ್ರೂಡ್ರೈವರ್ ತಗೊಂಡು ಬಾ, ಮನೇಲಿರೋದು ಮೊಂಡಾಗಿದೆ.”

ಆಮೇಲೆ ಅವನಿಗೆ ಹೊಳೆಯಿತು. ಇಬ್ಬರ ಫೋನೂ ಯಾಕೆ ನಡುಗಬೇಕು? ಗುಂಪಿನ ಹೆಸರಿನ ಪಕ್ಕದ ಚಿತ್ರವನ್ನು ಒರೆಸಿ ನೋಡಿದ. ಡ್ರಮ್ಮು. ತಂಗಿಯನ್ನು ಸೇರಿಸಿದ್ದು ಈ ಮನೆಗೆ.

ತೆಗೆಯಬೇಕು ಎಂದು ಬೆರಳು ಮುಂದೆ ಹೋಯಿತು. ತೆಗೆದರೆ ಅವಳ ಫೋನಿನಲ್ಲಿ ಅಣ್ಣ ನಿನ್ನನ್ನು ಮನೆಯಿಂದ ತೆಗೆದಿದ್ದಾನೆ ಎಂದು ಬರುತ್ತದೆ. ಬೆರಳು ಅಲ್ಲೇ ನಿಂತಿತು. ಅವನು ಯೋಚನೆ ಮುಗಿಸುವುದರೊಳಗೆ ಪಕ್ಕದಲ್ಲಿ ಕೂತಿದ್ದ ಸುತ್ತಿಗೆ ತನ್ನ ಫೋನಿನ ಮೇಲೆ ಬಗ್ಗಿ ಏನೋ ಬರೆದು ಕಳಿಸಿದ್ದ. ಎರಡ್ಸಲನ ಕೈಯಲ್ಲಿ ಫೋನು ಮತ್ತೆ ನಡುಗಿತು.

“ಆಯ್ತಕ್ಕ” ಎಂದಿತ್ತು.